ಆವಿಗೆಯ ತೀರ್ಪು: ಮಣ್ಣಿನ ಕಲೆಯಲ್ಲಿ ಸೋಲು, ಸೊಬಗು ಮತ್ತು ಹೊಣೆ

ಬೆಂಗಳೂರು ದಂಡುಪ್ರದೇಶದ ರೈಲು ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಪಾಟರಿ ಟೌನ್ ಹೆಸರಿಗೆ ತಕ್ಕಂತೆ ಕುಂಬಾರರ ಬಡಾವಣೆ. ತಲೆಮಾರುಗಳಿಂದ ಮಣ್ಣನ್ನೇ ನಂಬಿದ ಕುಟುಂಬಗಳು ಅಲ್ಲಿ ಹಣತೆ, ಹೂಜಿ, ಹೂಕುಂಡ, ಗಣೇಶನ ಮೂರ್ತಿಗಳನ್ನು ಮಾಡುತ್ತ ಬಂದಿವೆ. ಅಲ್ಲಿಂದ ಹಲಸೂರು ಕೆರೆಯನ್ನು ಬಳಸಿ ಕೆಲವೇ ಕಿಲೋಮೀಟರು ಸಾಗಿದರೆ ಇಂದಿರಾನಗರ. ಅಲ್ಲಿಯೂ ಮಣ್ಣಿನ ಕೆಲಸ ನಡೆಯುತ್ತದೆ. ವಾರಾಂತ್ಯದಲ್ಲಿ ತಿಗರಿಯ ಮುಂದೆ ಕೂರುವವರು ಬಹುಮಟ್ಟಿಗೆ ಬೇರೆ ಉದ್ಯೋಗದವರು. ಮನಸ್ಸಿನ ನೆಮ್ಮದಿಗಾಗಿ, ಕೈಯ ಸುಖಕ್ಕಾಗಿ ಬಂದವರು. ಪಾಟರಿ ಟೌನಿನ ಆವಿಗೆಯಿಂದ ಬಿರುಕು ಬಿಟ್ಟು ಹೊರಬಂದ ಹೂಜಿ ಚೂರುಗಳ ರಾಶಿಗೆ ಸೇರುತ್ತದೆ. ಕಲಾಶಾಲೆಯ ವಿದ್ಯುತ್ ಗೂಡಿನಿಂದ ಹೆಚ್ಚುಕಡಿಮೆ ಅದೇ ಬಗೆಯ ಬಿರುಕು ಹೊತ್ತು ಬಂದ ಬಟ್ಟಲು ಗಾಜಿನ ಕಪಾಟನ್ನು ಏರುತ್ತದೆ, ಮತ್ತು ಅದರ ಬಿರುಕಿಗೆ ಒಂದು ಜಪಾನೀ ಹೆಸರು ದೊರೆಯುತ್ತದೆ.

ಮಣ್ಣಿನ ಕಲೆಯಲ್ಲಿ ಸೋಲಿನೊಳಗೆ ಸೊಬಗನ್ನು ಕಾಣಬೇಕು, ಬೆಂಕಿಯ ಅನಿಶ್ಚಿತತೆಯನ್ನು ಒಪ್ಪಿಕೊಳ್ಳಬೇಕು ಎಂಬ ಮಾತು ಇಂದು ನಗರದ ಕಲಾವಲಯಗಳಲ್ಲಿ ಬಲು ಪ್ರಚಲಿತ. ಮಾತಿನಲ್ಲಿ ಸತ್ಯವಿದೆ. ಆದರೆ ಆ ಸತ್ಯ ಎಷ್ಟು ದೂರ ನಡೆಯುತ್ತದೆ, ಯಾರ ಸೋಲು ಸೊಬಗಾಗುತ್ತದೆ, ಯಾರದು ಬರಿಯ ನಷ್ಟವಾಗಿ ಉಳಿಯುತ್ತದೆ ಎಂಬ ವಿಚಾರಣೆ ಅಷ್ಟಾಗಿ ನಡೆದಿಲ್ಲ. ಈ ವಿಚಾರಣೆಗೆ ಬೇಕಾದ ಪರಿಕರಗಳು ಕನ್ನಡ ಸಾಹಿತ್ಯದಲ್ಲಿಯೂ ಭಾರತೀಯ ದರ್ಶನಗಳಲ್ಲಿಯೂ ಸಮೃದ್ಧವಾಗಿವೆ. ಅವನ್ನು ಬಿಟ್ಟು ಎರವಲು ಪದಗಳಿಂದಷ್ಟೇ ಮಾತನಾಡುವುದು ಸಾಹಿತ್ಯದ ವಿದ್ಯಾರ್ಥಿಗೆ ಒಪ್ಪತಕ್ಕದ್ದಲ್ಲ.

ಮೊದಲು ಬೆಂಕಿಯೊಳಗೆ ನಡೆಯುವುದೇನು ಎಂಬುದನ್ನು ನೋಡಬೇಕು. ಜೇಡಿಮಣ್ಣಿನ ಕಣಗಳು ತೆಳ್ಳನೆಯ ಬಿಲ್ಲೆಗಳಂತಿದ್ದು, ನಡುವಿನ ನೀರಿನಿಂದಾಗಿ ಒಂದರ ಮೇಲೊಂದು ಜಾರುತ್ತವೆ. ಮಣ್ಣಿನ ಹದವೆಂದರೆ ಈ ಜಾರುವಿಕೆ. ಒಣಗುವಾಗ ನೀರು ಹೋಗಿ ಪಾತ್ರೆ ಕುಗ್ಗುತ್ತದೆ. ಅಂಚು ಬೇಗ ಒಣಗಿ ತಳ ಹಸಿಯಾಗಿಯೇ ಉಳಿದರೆ ಎರಡರ ಎಳೆದಾಟದಲ್ಲಿ ಬಿರುಕು ಹುಟ್ಟುತ್ತದೆ. ಒಣಗಿತೆಂದು ನಂಬಿದ ಪಾತ್ರೆಯ ದಪ್ಪ ಗೋಡೆಯೊಳಗೆ ತೇವ ಉಳಿದಿದ್ದರೆ, ನೂರು ಡಿಗ್ರಿ ದಾಟುತ್ತಿದ್ದಂತೆ ಆ ತೇವ ಉಗಿಯಾಗಿ ಪಾತ್ರೆಯನ್ನು ಒಡೆದು ಹಾಕುತ್ತದೆ. ಇನ್ನೂ ಮೇಲೇರಿದಾಗ, ಸುಮಾರು 450ರಿಂದ 600 ಡಿಗ್ರಿಗಳ ನಡುವೆ, ಮಣ್ಣಿನ ರಾಸಾಯನಿಕ ರಚನೆಯಲ್ಲೇ ಸೇರಿಕೊಂಡಿದ್ದ ನೀರು ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಹಸಿಮಣ್ಣಾಗಲಾರದು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ಹರಳುಗಳು ಹಠಾತ್ತನೆ ಹಿಗ್ಗುತ್ತವೆ, ತಣಿಯುವಾಗ ಅದೇ ಬಿಂದುವಿನಲ್ಲಿ ಕುಗ್ಗುತ್ತವೆ. ಆತುರಪಟ್ಟು ಆವಿಗೆಯ ಬಾಯಿ ತೆರೆದವನಿಗೆ ಚೂರುಗಳೇ ಗತಿ. ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಒಂದು ಸಣ್ಣ ಹರಳು ಉಳಿದಿದ್ದರೂ ಸಾಕು, ಸುಟ್ಟು ಎಷ್ಟೋ ದಿನಗಳಾದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಪಾತ್ರೆಯ ಮೈಯಿಂದ ಒಂದು ಚಕ್ಕೆಯನ್ನು ಎಬ್ಬಿಸುತ್ತದೆ.

ಗಾಜಿನ ಲೇಪ, ಎಂದರೆ ಗ್ಲೇಜ್, ಹಚ್ಚಿದ ಪಾತ್ರೆಯಲ್ಲಿ ಅನಿಶ್ಚಿತತೆ ಇಮ್ಮಡಿಯಾಗುತ್ತದೆ. ಲೇಪವೂ ಅದರ ಕೆಳಗಿನ ಮಣ್ಣೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಲೇಪ ಹೆಚ್ಚು ಕುಗ್ಗಿದರೆ ಅದು ಜೇಡನ ಬಲೆಯಂಥ ಸೀಳುಗಳಾಗಿ ಒಡೆಯುತ್ತದೆ. ಗೂಡಿನಲ್ಲಿ ಗಾಳಿ ಸಾಕಷ್ಟಿದ್ದರೆ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ಕಡಿಮೆಯಾಗಿ ಹೊಗೆ ಹೆಚ್ಚಿದರೆ ಅದೇ ಕಬ್ಬಿಣ ತನ್ನ ಆಮ್ಲಜನಕವನ್ನು ಕಳೆದುಕೊಂಡು ಕಪ್ಪಾಗಿಯೋ ಹಸಿರಾಗಿಯೋ ಕಾಣುತ್ತದೆ. ತಾಮ್ರ ಗಾಳಿಯಲ್ಲಿ ಹಸಿರು, ಹೊಗೆಯಲ್ಲಿ ರಕ್ತವರ್ಣ. ಒಂದೇ ಗೂಡಿನೊಳಗೆ ಒಂದು ಮೂಲೆಯಲ್ಲಿ ಗಾಳಿ ಹೆಚ್ಚು, ಇನ್ನೊಂದು ಮೂಲೆಯಲ್ಲಿ ಕಡಿಮೆ. ಹೀಗಾಗಿ ಒಂದೇ ಕೈ ಮಾಡಿ, ಒಂದೇ ಲೇಪ ಹಚ್ಚಿದ ಎರಡು ಬಟ್ಟಲುಗಳು ಅಣ್ಣತಮ್ಮಂದಿರಂತೆ ಹೋಲಿಯೂ ಬೇರೆಯಾಗಿ ಹೊರಬರುತ್ತವೆ. ಚೀನಾದ ಪ್ರಾಚೀನ ಕುಂಬಾರರು ಇಂಥ ಮಾರ್ಪಾಟನ್ನು ಗೂಡಿನದೇ ಕೃತ್ಯವೆಂದು ಗುರುತಿಸಿ ಅದಕ್ಕೊಂದು ಹೆಸರನ್ನೇ ಇಟ್ಟಿದ್ದರು. ಲೇಪದ ಸೀಳುಗಳನ್ನು ಬೇಕೆಂದೇ ಬರಿಸಿಕೊಂಡರು.

ಬೆಂಕಿಯ ಈ ವರ್ತನೆಯನ್ನು ದಕ್ಷಿಣದ ಕುಂಬಾರರೂ ಬಲು ಹಿಂದೆಯೇ ಅರಿತಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು ದೊರೆತವು. ಒಳಮೈಯೂ ಬಾಯಿಯ ಅಂಚೂ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಸೇರದೆ ಕಪ್ಪು ಹಿಡಿಯುತ್ತದೆ, ಹೊರಗೆ ಗಾಳಿ ತಾಗಿ ಕೆಂಪಾಗುತ್ತದೆ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ನೀಡುವ ವಿವರಣೆ. ಮೊದಲು ಯಾವನೋ ಕುಂಬಾರನಿಗೆ ಇದು ಕೆಟ್ಟ ಸುಡುವಿಕೆಯಾಗಿಯೇ ಕಂಡಿದ್ದೀತು. ಆದರೆ ಅದು ಮರುಕಳಿಸಿ, ಅದರ ಕಾರಣ ತಿಳಿದು, ಬೇಕೆಂದಾಗ ಬರಿಸಿಕೊಳ್ಳುವ ಸಾಮರ್ಥ್ಯ ಬಂದ ಮೇಲೆ ಅದೊಂದು ಶೈಲಿಯಾಯಿತು. ಆಕಸ್ಮಿಕ ಮತ್ತು ಕಲೆಯ ನಡುವಣ ಸಂಬಂಧದ ಮೊದಲ ಪಾಠ ಇಲ್ಲಿದೆ: ಒಮ್ಮೆ ಘಟಿಸಿದ ಆಕಸ್ಮಿಕ ಸೋಜಿಗ, ಅದನ್ನು ಗಮನಿಸಿ, ನೆನಪಿಟ್ಟು, ಮತ್ತೆ ಕರೆಯಬಲ್ಲವನ ಕೈಯಲ್ಲಿ ಅದು ಕಲೆ.

ಸಂಶೋಧಕರಿಗೆ ಇನ್ನೊಂದು ಸಂಗತಿಯೂ ಮುಖ್ಯ. ಚೆನ್ನಾಗಿ ಸುಟ್ಟ ಮಡಕೆ ಮಾರಾಟವಾಗಿ ಊರೂರು ಅಲೆಯುತ್ತದೆ. ಸೊಟ್ಟಗಾದ, ಅಂಟಿಕೊಂಡ, ಅತಿಯಾಗಿ ಬೆಂದು ಕೆಟ್ಟ ಮಡಕೆ ಹುಟ್ಟಿದಲ್ಲೇ ಉಳಿಯುತ್ತದೆ. ಹೀಗಾಗಿ ಪ್ರಾಚೀನ ಆವಿಗೆಯ ನೆಲೆಯನ್ನು ಗುರುತಿಸಲು ಪುರಾತತ್ತ್ವಜ್ಞರು ನೆಚ್ಚುವುದು ಈ ಕೆಟ್ಟ ಮಡಕೆಗಳ ರಾಶಿಯನ್ನು. ಕುಂಬಾರನ ಗೆಲುವು ಅಡುಗೆಮನೆಗಳಲ್ಲಿ ಸವೆದುಹೋಗುತ್ತದೆ. ಅವನು ಅಲ್ಲಿ ಬಾಳಿದ್ದ ಎಂಬುದಕ್ಕೆ ಅವನ ಸೋಲುಗಳೇ ಸಾಕ್ಷಿ ನುಡಿಯುತ್ತವೆ.

ಅಪೂರ್ಣತೆಯ ಸೌಂದರ್ಯವನ್ನು ಕುರಿತು ಇಂದು ಹೆಚ್ಚಾಗಿ ಉಲ್ಲೇಖವಾಗುವುದು ಜಪಾನಿನ ಪರಂಪರೆ. ಹದಿನಾರನೆಯ ಶತಮಾನದಲ್ಲಿ ಚಹಾಗುರು ಸೆನ್ ನೊ ರಿಕ್ಯೂನ ಪ್ರೇರಣೆಯಿಂದ ಚೋಜಿರೊ ಎಂಬ ಕುಶಲಿ ರೂಪಿಸಿದ ರಾಕು ಬಟ್ಟಲುಗಳು ತಿಗರಿಯಿಲ್ಲದೆ, ಕೈಯಿಂದಲೇ ಒತ್ತಿ ಮಾಡಿದಂಥವು. ಒಡೆದ ಪಾತ್ರೆಯನ್ನು ಅರಗಿನ ಅಂಟಿನಿಂದ ಕೂಡಿಸಿ ಬೆಸುಗೆಯ ಗೆರೆಗೆ ಚಿನ್ನದ ಪುಡಿ ಹಚ್ಚುವ ಕಿನ್‌ತ್ಸುಗಿಯೂ ಅಲ್ಲಿನದೇ. ಈ ದೃಷ್ಟಿ ದಕ್ಷಿಣ ಭಾರತಕ್ಕೆ ಬಂದ ಹಾದಿಗಳಲ್ಲಿ ಮುಖ್ಯವಾದದ್ದು ಪಾಂಡಿಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿ. ಜಪಾನಿನಲ್ಲಿ ಕಲಿತಿದ್ದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ 1971ರಲ್ಲಿ ಆರಂಭಿಸಿದ ಈ ಕೇಂದ್ರದಲ್ಲಿ ತರಬೇತಿ ಪಡೆದವರು ದೇಶದ ಹಲವು ನಗರಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರ ಶಿಸ್ತು ಕಠಿಣವಾದದ್ದು. ವಾರಾಂತ್ಯದ ತರಗತಿಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಶಿಸ್ತನ್ನು ಕಳೆದ ಮೇಲಿನ ಘೋಷವಾಕ್ಯ.

ಜಪಾನಿನ ಉದಾಹರಣೆಯನ್ನು ಪೂರ್ತಿಯಾಗಿ ಓದಿದರೆ ಅದು ಬೇರೆಯದನ್ನೇ ಹೇಳುತ್ತದೆ. ಅಲ್ಲಿನ ಚಹಾಪರಂಪರೆಯಲ್ಲಿ ಅತ್ಯಂತ ಮಾನ್ಯವಾದ ಬಟ್ಟಲುಗಳಲ್ಲೊಂದು ಕಿಝಾಎಮೊನ್ ಎಂಬ ಹೆಸರಿನದು. ಜಾನಪದ ಕರಕುಶಲತೆಯ ಚಿಂತಕ ಯಾನಗಿ ಸೋಎತ್ಸು (1889-1961) ಅದನ್ನು ಕಂಡು ಬರೆದ ಪ್ರಬಂಧ ಪ್ರಸಿದ್ಧ. ಅದು ಮೂಲತಃ ಕೊರಿಯಾದ ಬಡ ಕುಂಬಾರನೊಬ್ಬ ಬಡವರ ದಿನಬಳಕೆಗೆಂದು ಮಾಡಿದ ಅಗ್ಗದ ಬಟ್ಟಲು ಎಂಬುದೇ ಯಾನಗಿಯ ಮುಖ್ಯ ನಿರೂಪಣೆ. ಮಾಡಿದವನಿಗೆ ಅದು ಸುಂದರವೆಂಬ ಅಭಿಮಾನವೂ ಇರಲಿಲ್ಲ, ಅಪೂರ್ಣವೆಂಬ ಅಳುಕೂ ಇರಲಿಲ್ಲ. ಅವನ ಹೆಸರು ಉಳಿಯಲಿಲ್ಲ. ಬಟ್ಟಲಿಗೆ ಅಂಟಿದ ಹೆಸರು ಅದರ ಒಡೆಯನಾಗಿದ್ದ ವರ್ತಕನದು. ಇದೇ ಚಹಾರುಚಿ ಉತ್ತುಂಗದಲ್ಲಿದ್ದ ಕಾಲಕ್ಕೆ, 1592ರಿಂದ 1598ರವರೆಗೆ, ಜಪಾನಿನ ಸೇನೆ ಕೊರಿಯಾದ ಮೇಲೆ ದಂಡೆತ್ತಿ ಹೋಗಿ ಅಲ್ಲಿನ ಕುಂಬಾರರನ್ನು ಸಮೂಹವಾಗಿ ಸೆರೆಹಿಡಿದು ತಂದಿತು. ಕುಂಬಾರಿಕೆಯ ಯುದ್ಧವೆಂದೇ ಇದಕ್ಕೆ ಹೆಸರಾಯಿತು. ಒರಟು ಬಟ್ಟಲಿನ ಸೌಮ್ಯ ಸೌಂದರ್ಯವನ್ನು ಮೆಚ್ಚಿದ ಸಮಾಜವೇ ಅದನ್ನು ಮಾಡಿದ ಕೈಗಳಿಗೆ ಸಂಕೋಲೆ ತೊಡಿಸಿತ್ತು. ಅಪೂರ್ಣತೆಯ ಸೌಂದರ್ಯಮೀಮಾಂಸೆಯನ್ನು ಆಮದು ಮಾಡಿಕೊಳ್ಳುವವರು ಈ ಅಧ್ಯಾಯವನ್ನು ಬಿಟ್ಟು ಮಾಡಿಕೊಳ್ಳಬಾರದು.

ಭಾರತೀಯ ದರ್ಶನಗಳಿಗೆ ಮಡಕೆ ಅತ್ಯಂತ ಪರಿಚಿತ ದೃಷ್ಟಾಂತ. ಮಣ್ಣು ಉಪಾದಾನ ಕಾರಣ. ಕುಂಬಾರ, ಚಕ್ರ, ದಂಡ ಇವು ನಿಮಿತ್ತ ಕಾರಣಗಳು ಎಂಬುದು ತರ್ಕಶಾಸ್ತ್ರದ ಪಾಠಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಕುಂದಕುಂದರ ಸಮಯಸಾರದ ಕರ್ತೃಕರ್ಮ ಪ್ರಕರಣ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಕುಂಬಾರ ಮಡಕೆಯನ್ನು ಮಾಡಿದ ಎನ್ನುವುದು ವ್ಯವಹಾರನಯದ ಮಾತು; ನಿಶ್ಚಯನಯದಲ್ಲಿ ಮಣ್ಣೇ ಮಡಕೆಯಾಗಿ ಪರಿಣಮಿಸುತ್ತದೆ, ಕುಂಬಾರ ತನ್ನ ಭಾವಗಳಿಗಷ್ಟೇ ಕರ್ತೃ. ಈ ವಿವೇಚನೆಯ ಉದ್ದೇಶ ಆಧ್ಯಾತ್ಮಿಕವಾದದ್ದು, ಕಲಾಮೀಮಾಂಸೆ ಅಲ್ಲ. ಆದರೂ ತಿಗರಿಯ ಮುಂದೆ ಕೂತವರಿಗೆ ಇದರ ಲೌಕಿಕ ರೂಪ ಕೂಡಲೇ ಅರ್ಥವಾಗುತ್ತದೆ. ಮಣ್ಣಿಗೆ ತನ್ನದೇ ಸ್ವಭಾವವಿದೆ. ಅದರ ಪರಿಣಾಮಕ್ಕೆ ಕೈ ಅವಕಾಶ ಮಾಡಿಕೊಡಬಹುದು, ಅಪ್ಪಣೆ ಮಾಡಲಾಗದು. ಕುಂಬಾರ ಗುಂಡಯ್ಯನ ಪತ್ನಿ ಕೇತಲದೇವಿಯ ಹೆಸರಿನಲ್ಲಿ ಉಳಿದುಬಂದ ವಚನ ಮಣ್ಣಿನ ಹದದ ಮಾತಿನಿಂದಲೇ ತೊಡಗುವುದು ಆಕಸ್ಮಿಕವಲ್ಲ. ಹರಿಹರನ ರಗಳೆಯಲ್ಲಿ ಗುಂಡಯ್ಯ ಮಡಕೆ ಬಡಿಯುವ ನಾದಕ್ಕೆ ಶಿವನೇ ಕುಣಿಯುತ್ತಾನೆ. ಆ ನಾದ ಹುಟ್ಟಬೇಕಾದರೂ ಮಣ್ಣು ಹದವಾಗಿರಬೇಕು.

ವೈಶೇಷಿಕರೂ ನೈಯಾಯಿಕರೂ ಆವಿಗೆಯೊಳಗಿನ ಘಟನೆಯನ್ನೇ ವಾದವಸ್ತುವಾಗಿ ಮಾಡಿಕೊಂಡರು. ಬೆಂಕಿ ತಾಗಿದಾಗ ಹಸಿಮಡಕೆ ಪರಮಾಣುಗಳವರೆಗೆ ವಿಘಟನೆಗೊಂಡು, ಪರಮಾಣುಗಳ ಬಣ್ಣ ಬದಲಾಗಿ, ಮತ್ತೆ ಅವು ಕೂಡಿಕೊಂಡು ಹೊಸ ಮಡಕೆ ಹುಟ್ಟುತ್ತದೆ ಎಂಬುದು ವೈಶೇಷಿಕರ ಪೀಲುಪಾಕವಾದ. ಮಡಕೆ ಇದ್ದಂತೆಯೇ ಇದ್ದು, ಅದರ ಸೂಕ್ಷ್ಮರಂಧ್ರಗಳ ಮೂಲಕ ಬೆಂಕಿ ಹೊಕ್ಕು ಇಡಿಯಾಗಿ ಬೇಯಿಸುತ್ತದೆ ಎಂಬುದು ನೈಯಾಯಿಕರ ಪಿಠರಪಾಕವಾದ. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಒಂದೆಯೋ ಬೇರೆಯೋ ಎಂಬ ಈ ಪ್ರಶ್ನೆ ಗೂಡಿನ ಬಾಗಿಲು ತೆರೆಯುವ ಪ್ರತಿಯೊಬ್ಬ ಕಲಾವಿದನದೂ ಹೌದು. ತನ್ನ ಬಟ್ಟಲು ಎಲ್ಲಿ ಎಂದು ಹುಡುಕುವವನು ಪಿಠರಪಾಕವಾದಿ. ಬಂದ ಬಟ್ಟಲು ಯಾವುದು ಎಂದು ನೋಡುವವನು ಪೀಲುಪಾಕವಾದಿ. ಕಲೆಗೆ ಎರಡನೆಯ ನೋಟ ಹೆಚ್ಚು ಫಲಕಾರಿ.

ಸೋಲು ಎಂಬುದು ವಸ್ತುವಿನಲ್ಲಿದೆಯೋ ನೋಡುವವನ ಅಪೇಕ್ಷೆಯಲ್ಲಿದೆಯೋ ಎಂಬ ಪ್ರಶ್ನೆಗೆ ಸಮಂತಭದ್ರರ ಆಪ್ತಮೀಮಾಂಸೆಯ ದೃಷ್ಟಾಂತವೊಂದು ನೆರವಾಗುತ್ತದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನಿಗೆ ಶೋಕ, ಕಿರೀಟ ಬಯಸಿದವನಿಗೆ ಹರ್ಷ, ಚಿನ್ನವಷ್ಟೇ ಬೇಕಾದವನಿಗೆ ಮಾಧ್ಯಸ್ಥ್ಯ. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುವುದನ್ನು ತೋರಿಸಲು ಬಂದ ದೃಷ್ಟಾಂತವಿದು. ಮಣ್ಣಿನ ವಿಷಯದಲ್ಲಿ ಇದಕ್ಕೊಂದು ತೊಡಕಿದೆ. ಚಿನ್ನವನ್ನು ಮತ್ತೆ ಕರಗಿಸಬಹುದು. ಒಮ್ಮೆ ಸುಟ್ಟ ಮಣ್ಣನ್ನು ಮತ್ತೆ ನಾದಲಾಗದು. ಚಿನ್ನವಷ್ಟೇ ಬೇಕಾದವನ ಮಾಧ್ಯಸ್ಥ್ಯ ಕುಂಬಾರನಿಗೆ ಲಭ್ಯವಿಲ್ಲ. ಅವನ ಪಾಲಿಗೆ ಉಳಿಯುವುದು ಶೋಕ ಅಥವಾ ಹರ್ಷ. ಸೋಲನ್ನು ಸಮಚಿತ್ತದಿಂದ ಸ್ವೀಕರಿಸಿ ಎಂದು ಉಪದೇಶಿಸುವವರು ತಮ್ಮ ಕೈಯಲ್ಲಿರುವುದು ಚಿನ್ನವೋ ಮಣ್ಣೋ ಎಂದು ಒಮ್ಮೆ ನೋಡಿಕೊಳ್ಳಬೇಕು.

ಈ ಚರ್ಚೆಗೆ ಅತ್ಯಂತ ಹತ್ತಿರದ ಕಥೆ ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾಂಗದ ಏಳನೆಯ ಅಧ್ಯಯನದಲ್ಲಿದೆ. ಪೋಲಾಸಪುರದ ಸದ್ದಾಲಪುತ್ತ ಶ್ರೀಮಂತ ಕುಂಬಾರ. ಊರ ಹೊರಗೆ ಐನೂರು ಮಡಕೆ ಅಂಗಡಿಗಳ ಒಡೆಯ. ಅವನು ಎಲ್ಲವೂ ನಿಯತಿಯಿಂದ ನಡೆಯುತ್ತದೆ, ಪುರುಷಪ್ರಯತ್ನವೆಂಬುದು ಇಲ್ಲ ಎಂದು ನಂಬುವ ಆಜೀವಿಕ ಪಂಥದ ಅನುಯಾಯಿ. ಅವನು ಮಡಕೆಗಳನ್ನು ಬಿಸಿಲಿಗೆ ಇಡುತ್ತಿರುವಾಗ ಮಹಾವೀರರು ಇವು ಹೇಗಾದವು ಎಂದು ಕೇಳುತ್ತಾರೆ. ಮೊದಲು ಮಣ್ಣು, ಅದಕ್ಕೆ ನೀರು, ಬೂದಿ, ಸಗಣಿಯ ಬೆರಕೆ, ಆಮೇಲೆ ಚಕ್ರ ಎಂದು ಅವನು ವಿವರಿಸುತ್ತಾನೆ. ಇದೆಲ್ಲ ಪ್ರಯತ್ನದಿಂದಲೋ ಪ್ರಯತ್ನವಿಲ್ಲದೆಯೋ ಎಂಬ ಮರುಪ್ರಶ್ನೆಗೆ ತನ್ನ ಮತಕ್ಕೆ ನಿಷ್ಠನಾಗಿ, ಪ್ರಯತ್ನವಿಲ್ಲದೆ ಎನ್ನುತ್ತಾನೆ. ಹಾಗಾದರೆ ಯಾರಾದರೂ ಬಂದು ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ ಏನು ಮಾಡುವೆ ಎಂದಾಗ, ಅಂಥವನನ್ನು ಬೈಯುವೆ, ಬಡಿಯುವೆ ಎಂದು ಉತ್ತರಿಸುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಒಡೆದವನಿಗೆ ದೋಷವೆಲ್ಲಿಯದು ಎಂಬಲ್ಲಿ ಅವನ ವಾದ ಕುಸಿಯುತ್ತದೆ.

ಸಾವಿರಾರು ವರ್ಷಗಳ ಸಾಹಿತ್ಯದಲ್ಲಿ ನಿಯತಿ ಮತ್ತು ಪ್ರಯತ್ನಗಳ ವಾದಕ್ಕೆ ಕುಂಬಾರನೊಬ್ಬನ ಅಂಗಳ ವೇದಿಕೆಯಾದದ್ದು ಅರ್ಥಪೂರ್ಣ. ಬೆಂಕಿಯ ಮುಂದೆ ಪ್ರತಿಸಲವೂ ತನ್ನ ಶ್ರಮವನ್ನು ಒಪ್ಪಿಸಿ ಕಾಯಬೇಕಾದವನಿಗೆ ನಿಯತಿವಾದ ಸಹಜವಾಗಿಯೇ ಆಕರ್ಷಕ. ಆದರೆ ಒಡೆದ ಮಡಕೆಯ ಮುಂದೆ ನಿಂತು, ಇದಕ್ಕೆ ಕಾರಣವಿದೆ, ಕಾರಣಕರ್ತರೂ ಇರಬಹುದು ಎಂದು ಕೇಳಲೇಬೇಕೆಂಬುದು ಕಥೆಯ ಬೋಧೆ. ಅನಿಶ್ಚಿತತೆಯ ಆರಾಧನೆ ಹೊಸ ಕಾಲದ ನಿಯತಿವಾದವಾಗುವ ಅಪಾಯವಿದೆ. ತಳ ದಪ್ಪವಾಗಿ ಬಿಟ್ಟದ್ದು, ನೆರಳಿನಲ್ಲಿ ನಿಧಾನವಾಗಿ ಒಣಗಿಸದೆ ಹೋದದ್ದು, ಗೂಡನ್ನು ಬೇಗ ತೆರೆದದ್ದು ಇವೆಲ್ಲ ಬೆಂಕಿಯ ಲೀಲೆಯಲ್ಲ, ಮಾಡಿದವನ ಅಲಕ್ಷ್ಯ. ಅದನ್ನೂ ಸೊಬಗೆಂದು ಕರೆದರೆ ಕಲಿಯುವ ಹಾದಿ ಮುಚ್ಚಿಹೋಗುತ್ತದೆ.

ಹಾಗಾದರೆ ಯಾವ ಬಿರುಕು ಸೊಬಗು, ಯಾವುದು ದೋಷ? ಕನ್ನಡದ ಮೊದಲ ಉಪಲಬ್ಧ ಗ್ರಂಥವೇ ಈ ಬಗೆಯ ಪ್ರಶ್ನೆಯನ್ನು ಎತ್ತಿಕೊಂಡಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಪ್ರಥಮ ಪರಿಚ್ಛೇದದ ವಿಷಯ ದೋಷ ಮತ್ತು ಅದೋಷಗಳ ನಿರ್ಣಯ. ಅದಕ್ಕೆ ಆಧಾರವಾದ ದಂಡಿಯ ಕಾವ್ಯಾದರ್ಶವೂ, ಸಾಮಾನ್ಯವಾಗಿ ದೋಷವೆನಿಸುವುದು ಕವಿಯ ಕೌಶಲದಿಂದ, ಸಂದರ್ಭದ ಬಲದಿಂದ ದೋಷವಾಗದೆ ಗುಣವಾಗಬಹುದೆಂದು ಒಪ್ಪುತ್ತದೆ. ಆಲಂಕಾರಿಕರು ದೋಷವನ್ನು ಹೀಗೆ ಸಡಿಲಿಸುವ ಮೊದಲು ಅದನ್ನು ಚೆನ್ನಾಗಿ ಗುರುತಿಸಿ, ಹೆಸರಿಟ್ಟು, ವರ್ಗೀಕರಿಸಿದರು ಎಂಬುದನ್ನು ಮರೆಯಬಾರದು. ದೋಷವನ್ನು ಬಲ್ಲವನು ಮಾತ್ರ ಅದನ್ನು ಗುಣವಾಗಿಸಬಲ್ಲ. ಮಣ್ಣಿನ ಕಲೆಗೂ ಇದೇ ಅಳತೆ ಸಲ್ಲುತ್ತದೆ. ಪಾತ್ರೆಯ ಒಟ್ಟು ಆಕಾರಕ್ಕೆ ಬಿರುಕು ಏನನ್ನಾದರೂ ಕೂಡಿಸುತ್ತದೆಯೇ, ಬಳಕೆಗೆಂದು ಮಾಡಿದ್ದರೆ ಬಳಕೆ ಉಳಿದಿದೆಯೇ, ಮಾಡಿದವನು ಅದರ ಕಾರಣವನ್ನು ಹೇಳಬಲ್ಲನೇ ಎಂಬ ಮೂರು ಪ್ರಶ್ನೆಗಳನ್ನು ಹಾಕಿದರೆ ಬಹುಪಾಲು ನಿರ್ಣಯ ತಾನಾಗಿ ಆಗುತ್ತದೆ.

ಬಳಕೆಯ ಪ್ರಶ್ನೆ ಎಷ್ಟು ನಿಷ್ಠುರವೆಂಬುದಕ್ಕೆ ಇದೇ ನಗರದ ಪಿಂಗಾಣಿ ಉದ್ಯಮವೇ ನಿದರ್ಶನ. ಮೈಸೂರು ಸಂಸ್ಥಾನ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸರ್ಕಾರಿ ಪಿಂಗಾಣಿ ಕಾರ್ಖಾನೆ ವಿದ್ಯುತ್ ತಂತಿಗಳ ಅವಾಹಕಗಳನ್ನು ತಯಾರಿಸಿತು. ಮುಂದೆ ಅದು ಬಿಎಚ್‌ಇಎಲ್‌ನ ಘಟಕವಾಯಿತು. ಅವಾಹಕದಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಅದರಲ್ಲಿ ತೇವ ಸೇರಿ ವಿದ್ಯುತ್ತಿಗೆ ದಾರಿಯಾಗಬಹುದು, ಜೀವಕ್ಕೆ ಎರವಾಗಬಹುದು. ಕೆ.ಆರ್. ಪುರದ ಮೂಲಕ ಪೂರ್ವಕ್ಕೆ ಹೋಗುವ ರೈಲು ಮಾಲೂರನ್ನು ಮುಟ್ಟುತ್ತದೆ. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಆ ಊರಿನಲ್ಲಿ ಸೊಟ್ಟ ಹೆಂಚನ್ನು ಯಾರೂ ಮೆಚ್ಚುವುದಿಲ್ಲ, ಏಕೆಂದರೆ ಪಕ್ಕದ ಹೆಂಚಿಗೆ ಕೂಡಿಕೊಳ್ಳದ ಹೆಂಚಿನಿಂದ ಮನೆ ಸೋರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಗೆಲುವು ನಿಂತದ್ದೂ ಒಂದರಂತೆ ಇನ್ನೊಂದು ಎಂಬ ನಿಖರತೆಯ ಮೇಲೆ. ಮಣ್ಣು, ಬೆಂಕಿ ಎಲ್ಲೆಡೆಯೂ ಒಂದೇ. ಅನಿಶ್ಚಿತತೆಯನ್ನು ಎಷ್ಟು ಒಳಗೆ ಬಿಟ್ಟುಕೊಳ್ಳಬಹುದೆಂಬುದನ್ನು ವಸ್ತುವಿನ ಉದ್ದೇಶ ನಿರ್ಧರಿಸುತ್ತದೆ.

ಇಷ್ಟಾದ ಮೇಲೆ ಪಾಟರಿ ಟೌನಿಗೆ ಮರಳಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಗಾದೆಯ ಲೆಕ್ಕದಲ್ಲಿ ದೊಣ್ಣೆಯಷ್ಟೇ ಇದೆ. ಅಕಾಲದ ಮಳೆ, ಹಸಿ ಸೌದೆ, ಹದಗೆಟ್ಟ ಮಣ್ಣು ಇವೂ ದೊಣ್ಣೆಗಳೇ. ತೆರೆದ ಆವಿಗೆಯಲ್ಲಿ ಶಾಖವನ್ನು ಅಳೆಯುವ ಯಂತ್ರವಿಲ್ಲ. ಬೆಂಕಿಯ ಬಣ್ಣವನ್ನು ಕಣ್ಣಿನಿಂದಲೇ ಓದಬೇಕು. ಒಂದು ಸುಡುವಿಕೆ ಕೆಟ್ಟರೆ ಹಲವು ದಿನಗಳ ಕೂಲಿ ಹೊಗೆಯಾಯಿತೆಂದೇ ಅರ್ಥ. ಕೆರೆಗಳ ಅಂಗಳದಿಂದ ಸಿಗುತ್ತಿದ್ದ ಮಣ್ಣಿಗೆ ನಗರದ ಬೆಳವಣಿಗೆಯಿಂದ ಕುತ್ತು ಬಂದ ಮೇಲೆ ಮಣ್ಣನ್ನು ದೂರದಿಂದ ತರಿಸಬೇಕಾಯಿತು. ಒಣಗಿಸಲು ಬೇಕಾದ ಬಯಲು ಕಟ್ಟಡಗಳ ನಡುವೆ ಕಿರಿದಾಯಿತು. ನಮ್ಮ ಮೆಟ್ರೋದ ಗುಲಾಬಿ ಮಾರ್ಗದ ಸುರಂಗ ನಿಲ್ದಾಣವೊಂದಕ್ಕೆ ಈಗ ಪಾಟರಿ ಟೌನ್ ಎಂದೇ ಹೆಸರು. ಕಸುಬಿನ ಹೆಸರು ನಗರದ ನಕ್ಷೆಯಲ್ಲಿ ಶಾಶ್ವತವಾಗುತ್ತಿರುವ ಕಾಲಕ್ಕೇ ಕಸುಬು ನೆಲೆ ಕಳೆದುಕೊಳ್ಳುತ್ತಿದೆ. ಸದ್ದಾಲಪುತ್ತನ ಕಥೆಯ ಪ್ರಶ್ನೆಯನ್ನು ಇಲ್ಲಿ ಕೇಳಬೇಕು: ಈ ಮಡಕೆಗಳು ಒಡೆಯುವುದು ನಿಯತಿಯಿಂದಲೋ, ಯಾರಾದರೂ ಮಾಡಿದ್ದರಿಂದಲೋ, ಮಾಡದೆ ಬಿಟ್ಟದ್ದರಿಂದಲೋ?

ಬಿಡುವಿನ ವೇಳೆಗೆ ಮಣ್ಣು ಮುಟ್ಟುವವನಿಗೆ ಸೋಲು ಅನುಭವ. ಮಣ್ಣಿನಿಂದಲೇ ಬದುಕುವವನಿಗೆ ಅದು ಸಾಲ. ಇದರಿಂದ ಮೊದಲನೆಯವನ ಅನುಭವ ಸುಳ್ಳಾಗುವುದಿಲ್ಲ. ದಿನವಿಡೀ ಪರದೆಯ ಮುಂದೆ ಎಲ್ಲವನ್ನೂ ಅಳಿಸಿ ತಿದ್ದಬಲ್ಲ ಉದ್ಯೋಗಿಗೆ, ತಿದ್ದಲಾಗದ ವಸ್ತುವೊಂದರ ಮುಂದೆ ಕೂರುವುದು ನಿಜವಾದ ಶಿಕ್ಷಣ. ಕೈ ಸೋತು, ಮಣ್ಣು ಕುಸಿದು, ಮತ್ತೆ ನಾದಿ ಕೂರುವ ಆ ತಾಳ್ಮೆಯನ್ನು ಹೀಗಳೆಯುವ ಕಾರಣವಿಲ್ಲ. ಆಕ್ಷೇಪವಿರುವುದು ಬೆಲೆಯ ವಿಷಯದಲ್ಲಿ. ಅಪೂರ್ಣತೆ ಸುಂದರವೆಂಬ ತತ್ತ್ವವನ್ನು ಪ್ರಾಮಾಣಿಕವಾಗಿ ನಂಬಿದವರು ಪಾಟರಿ ಟೌನಿನ ಹೂಜಿಯ ಮೇಲೆ ಹೊಗೆ ತಾಗಿದ ಕಪ್ಪು ಕಲೆಯನ್ನು ತೋರಿಸಿ ಚೌಕಾಸಿ ಮಾಡಬಾರದು. ಕಲಾಶಾಲೆಯ ಬಟ್ಟಲಿನ ಮೇಲೆ ಅದೇ ಕಲೆಗೆ ಹೆಚ್ಚು ಹಣ ಕೊಡುವ ಕೈ, ಕುಂಬಾರನ ಅಂಗಡಿಯಲ್ಲಿ ಅದನ್ನೇ ನೆಪ ಮಾಡಿ ಹತ್ತು ರೂಪಾಯಿ ಕಡಿಮೆ ಕೊಡುವುದಾದರೆ, ಅಲ್ಲಿ ಮೆಚ್ಚುಗೆ ಪಡೆದದ್ದು ಅಪೂರ್ಣತೆಯಲ್ಲ, ಮಾಡಿದವನ ವರ್ಗ.

ನಗರದ ಕಲಾಶಾಲೆಗಳು ಮಾಡಬಹುದಾದ ಕೆಲಸಗಳು ಸರಳವಾಗಿವೆ. ಶಾಖ ಅಳೆಯುವ ಉಪಕರಣದ ಬಳಕೆಯನ್ನೂ ಲೇಪದ ರಸಾಯನವನ್ನೂ ಬಲ್ಲವರು ಆ ಜ್ಞಾನವನ್ನು ಪಾಟರಿ ಟೌನಿಗೆ ಒಯ್ಯಬೇಕು. ಬೆಂಕಿಯ ಬಣ್ಣವನ್ನು ಕಣ್ಣಿನಿಂದ ಓದುವ ಜ್ಞಾನವನ್ನು ಅಲ್ಲಿಂದ ಗುರುದಕ್ಷಿಣೆ ಕೊಟ್ಟು ಕಲಿಯಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದ್ದೂ, ರಾಜಧಾನಿಯ ಕುಂಬಾರರಿಗೂ ಕಲಾವಿದರಿಗೂ ನಡುವೆ ಮಾತುಕತೆ ವಿರಳವಾಗಿರುವುದು ವಿಪರ್ಯಾಸ. ಕನ್ನಡ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ತಿಗರಿ, ಆವಿಗೆ, ಹದ, ಗುಡಾಣ, ಹರವಿ, ಮೊಗೆ, ಕುಡಿಕೆ, ಬಾನಿ ಮುಂತಾದ ಪದಗಳು ನಿಘಂಟುಗಳಲ್ಲಿ ಇವೆ. ಬೇಯದೆ ಉಳಿದ, ಹೆಚ್ಚು ಬೆಂದ, ಸೀಳಿದ ಪಾತ್ರೆಗಳಿಗೆ ಕಸುಬುದಾರರು ಬಳಸುವ ಮಾತುಗಳನ್ನು ಪ್ರದೇಶವಾರು ಸಂಗ್ರಹಿಸುವುದು ಒಂದು ಒಳ್ಳೆಯ ಸಂಶೋಧನಾ ವಿಷಯ. ಸೋಲನ್ನು ವಿವರವಾಗಿ ಹೆಸರಿಸಬಲ್ಲ ಭಾಷೆಗೆ ಅದರ ಸೊಬಗಿನ ಚರ್ಚೆಗಾಗಿ ಎರವಲಿಗೆ ಹೋಗುವ ಅಗತ್ಯ ಬೀಳುವುದಿಲ್ಲ.

ಒಡೆದದ್ದನ್ನು ಉಳಿಸಿಕೊಳ್ಳುವ ಜಾಣ್ಮೆ ಕನ್ನಡದ ಮನೆಗಳಿಗೆ ಹೊಸದೇನಲ್ಲ. ತಳ ಸೋರುವ ಕೊಡದಲ್ಲಿ ತುಳಸಿ ಬೆಳೆಯಿತು, ಮಡಕೆಯ ಓಡು ಕಾಳು ಹುರಿಯಲು ಒದಗಿತು, ಅದರ ಚೂರು ಮಕ್ಕಳ ಕುಂಟೆಬಿಲ್ಲೆಯಾಯಿತು. ಚಿನ್ನದ ಗೆರೆ ಎಳೆಯುವ ಅನುಕೂಲ ಅಲ್ಲಿರಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ಮಣ್ಣಿನ ಅಸ್ಥಿರತೆಯನ್ನು ಈ ನಗರ ಪೂಜಿಸಿಯೂ ಬಲ್ಲದು. ಬೆಂಗಳೂರು ಕರಗದ ಆಚರಣೆಯಲ್ಲಿ ಸಂಪಂಗಿ ಕೆರೆಯ ಉಳಿದ ನೀರಿನ ಬಳಿ ಹಸಿ ಕರಗ ನಡೆಯುತ್ತದೆ; ಹೆಸರೇ ಸುಡದ ಮಣ್ಣನ್ನು ನೆನಪಿಸುತ್ತದೆ. ಪೇಟೆಗೂ ದಂಡಿಗೂ ನಡುವೆ ಇದ್ದ ಆ ಕೆರೆಯ ಬಹುಭಾಗ ಇಂದು ಕ್ರೀಡಾಂಗಣ. ಪಾಟರಿ ಟೌನಿನಲ್ಲಿ ರೂಪ ತಳೆದ ಹಸಿಮಣ್ಣಿನ ಗಣೇಶ ಭಾದ್ರಪದದಲ್ಲಿ ಹಲಸೂರಿನ ನೀರಿಗಿಳಿದು ಕರಗುತ್ತಾನೆ. ಸುಡದ ಮಣ್ಣಾದ್ದರಿಂದ ಅದು ಮತ್ತೆ ಮಣ್ಣೇ ಆಗುತ್ತದೆ, ಅದನ್ನು ಯಾರೂ ಸೋಲೆನ್ನುವುದಿಲ್ಲ. ಮೂರ್ತಿ ಮಾಡಿದವನಿಗೆ ಅಷ್ಟರೊಳಗೆ ಅದರ ಪೂರ್ತಿ ಬೆಲೆ ಸಂದಿರುತ್ತದೆ. ಆವಿಗೆಯಲ್ಲಿ ಒಡೆದ ಹೂಜಿಗೆ ಹಾಗೆ ಸಲ್ಲುವುದಿಲ್ಲ. ಸೋಲಿನ ಸೊಬಗನ್ನು ಕುರಿತ ಮಾತು ಈ ನಗರದಲ್ಲಿ ಮುಂದುವರಿಯಬೇಕಾದರೆ, ಆ ಹೂಜಿಯ ನಷ್ಟವನ್ನು ಹಂಚಿಕೊಳ್ಳುವ ಬಗೆಯಿಂದಲೇ ಅದು ಆರಂಭವಾಗುವುದು ಉಚಿತ.